ನವಿಲಿನ ಮೇಲೆ ಗಾಲಿ

ನಮ್ಮ ಮನೆಯ ಕಂಪ್ಯೂಟರಿಗೆ ನನ್ನ ಮೇಲೆ ಎಳ್ಳಷ್ಟೂ ಗೌರವವಿಲ್ಲ. (ಮನೆಯಲ್ಲಿ ಇನ್ನಾರಿಗಿದೆ ಎಂದು ಕೇಳಬೇಡಿ.) ಜಮಖಂಡಿಯ ಕಚೇರಿಯೊಂದರಲ್ಲಿ ದಿನವಿಡೀ ಕೀಲಿಮಣೆ ಕುಟ್ಟುವ ಪರಮಾನಂದನೆಂಬ ನಾನು ಮನೆಗೆ ಬಂದು ಮೌಸ್ ಮುಟ್ಟಿದರೆ ಸಾಕು, ಪರದೆಯ ಮೇಲೆ ಎಂಟು ಬಣ್ಣದ ಗಾಲಿಯೊಂದು ಎದ್ದು ಬಂದು 'ತಿರುಗಿಸಿ, ಕಾರು ಗೆಲ್ಲಿ' ಎಂದು ಗರಗರ ಸುತ್ತುತ್ತಿತ್ತು.

ನನಗಿಂತ ಹೆಚ್ಚು ಪೇಚಾಟ ನನ್ನ ಧರ್ಮಪತ್ನಿ ವೈಶಾಲಿಗೆ. ಅವಳು ಕಂಪ್ಯೂಟರಿನಲ್ಲಿ ಸೀರೆಯ ಸೆರಗಿನ ಡಿಸೈನ್ ಬರೆಯುವುದನ್ನು ಕಲಿತು, ರಬಕವಿಯ ನೇಕಾರ ಗಿರಿಮಲ್ಲಪ್ಪನಿಂದ ಮೊಟ್ಟಮೊದಲ ಆರ್ಡರ್ ಹಿಡಿದಿದ್ದಳು. ಹನ್ನೊಂದು ದಿನ ಕುಳಿತು ಒಂದು ನವಿಲು ಬರೆದಿದ್ದಳು. ಅದು ಅವನ ಸೀರೆ ಕೊಳ್ಳುವ ಮುಧೋಳದ ವ್ಯಾಪಾರಿಗೆ ಹಿಡಿಸಿದರೆ ಮುಂದೆಯೂ ಕೆಲಸ. ಹಿಡಿಸದಿದ್ದರೆ ಮತ್ತೆ ಅದೇ ರೊಟ್ಟಿ, ಅದೇ ನಾನು.

"ನೀನ ಏನರ ಹಾಳಮೂಳ ಒತ್ತಿರಬೇಕು," ಎಂದೆ.

"ನಾ ನವಿಲು ಬಿಟ್ಟು ಏನೂ ಮುಟ್ಟಿಲ್ರಿ. ನೀವು ಕೂತೆದ್ದ ಮ್ಯಾಲೆ ಇದು ಸುರು ಆಗೈತಿ."

"ಏನ್ ಮಾತಾಡ್ತಿ! ಆಫೀಸಿನ್ಯಾಗ ಕಂಪ್ಯೂಟರ್ ಕೆಟ್ಟರ ಎಲ್ಲಾರೂ ನನ್ನ ಕರೀತಾರ."

"ಖರೆ. ಹೆಂಗ ಕೆಡಿಸಿದ್ರಿ ಅಂತ ಕೇಳಾಕ."

ಅಷ್ಟರಲ್ಲಿ ಗಿರಿಮಲ್ಲಪ್ಪನ ಫೋನು. ಮಗ್ಗ ಖಾಲಿ ಇದೆ, ಡಿಸೈನಿನ ಫೋಟೋ ಈಗಲೇ ಕಳಿಸದಿದ್ದರೆ ಬೇರೆಯವರದು ಹಾಕುತ್ತೇನೆ ಎಂದ. ವೈಶಾಲಿಯ ಕೈ ಜೋಳದ ಹಿಟ್ಟಿನಲ್ಲಿತ್ತು. "ಆ ಗಾಲಿ ತಗದು ಫೋಟೋ ಹೊಡದು ಕಳಸ್ರಿ. ಎರಡು ಸಲ ನೋಡಿ ಕಳಸ್ರಿ," ಎಂದು ಒಳಗಿನಿಂದಲೇ ಅಪ್ಪಣೆಯಾಯಿತು.

ಗಾಲಿಯ ಮೂಲೆಯಲ್ಲಿ ಅದನ್ನು ಮುಚ್ಚುವ ಕತ್ತರಿ ಗುರುತು ಸಾಸಿವೆಯಷ್ಟಿತ್ತು. ಒತ್ತಿದರೆ ಕೂದಲು ಬೆಳೆಸುವ ಎಣ್ಣೆ ಬಂತು. ಮತ್ತೆ ಒತ್ತಿದರೆ ಮೊಣಕಾಲಿನ ಮುಲಾಮು. (ಎರಡೂ ನನಗೆ ಬೇಕಾದವೇ, ಆ ಮಾತು ಬೇರೆ.) ಕೊನೆಗೆ ಗಾಲಿ ಮರಳಿ ಬಂದು ನವಿಲಿನ ತಲೆಯ ಮೇಲೇ ಕುಳಿತಿತು. ಫೋನು ಮೂರನೆಯ ಸಲ ಬಡಕೊಂಡಿತು. ನಲವತ್ತು ವರ್ಷ ನೇಯ್ದವನಿಗೆ ನವಿಲು ಯಾವುದು, ಜಾಹೀರಾತು ಯಾವುದು ತಿಳಿಯದೇ ಎಂದುಕೊಂಡು ಇದ್ದದ್ದನ್ನು ಇದ್ದ ಹಾಗೆ ಫೋಟೋ ಹೊಡೆದು ಕಳಿಸಿದೆ. 'ಕಳಿಸಿದೆ' ಎಂದಷ್ಟೇ ಹೆಂಡತಿಗೆ ಹೇಳಿದೆ.

ಭಾನುವಾರ ನನ್ನ ಮಹಾ ಉಚ್ಚಾಟನಾ ಕಾರ್ಯ ಆರಂಭವಾಯಿತು. ಕರೆಯದೇ ಬಂದು ಜಾಹೀರಾತು ತೋರಿಸುವ ಇಂಥ ಪ್ರೋಗ್ರಾಮುಗಳ ಲಕ್ಷಣಗಳನ್ನು ಮೊಬೈಲಿನಲ್ಲಿ ಓದಿದೆ. ಬ್ರೌಸರಿನ ಮೊದಲ ಪುಟ ತಾನಾಗಿ ಬದಲಾಗಿರುತ್ತದೆ, ಗುರುತಿಲ್ಲದ ಪಟ್ಟಿಯೊಂದು ಮೇಲೆ ಅಂಟಿಕೊಂಡಿರುತ್ತದೆ, ಯಾವ ಸೈಟಿಗೆ ಹೋದರೂ ಅದೇ ಜಾಹೀರಾತು ಬೆನ್ನು ಹತ್ತುತ್ತದೆ. ಎಲ್ಲವೂ ನಮ್ಮಲ್ಲಿ ಸಮೃದ್ಧವಾಗಿದ್ದವು. ಒಳಗೆ ಬಂದ ತಾರೀಖಿನ ಪ್ರಕಾರ ಪ್ರೋಗ್ರಾಮುಗಳನ್ನು ಸಾಲಾಗಿ ನಿಲ್ಲಿಸಿ, ಗುರುತಿಲ್ಲದವನ್ನು ಹೊರದಬ್ಬಬೇಕಂತೆ. ಅಪರಾಧಿ ಸಿಕ್ಕಿಬೀಳುವಾಗ ಎದುರಿಗೇ ಇರಲಿ ಎಂದು ವೈಶಾಲಿಯನ್ನೂ ಕರೆದು ನಿಲ್ಲಿಸಿಕೊಂಡೆ.

ಪ್ರೋಗ್ರಾಮುಗಳ ಪಟ್ಟಿ ತಾರೀಖಿನ ಸಮೇತ ತೆರೆಯಿತು. ಮೇಲುಗಡೆಯೇ 'ಉಚಿತ ಮುಧೋಳ ನಾಯಿ ವಾಲ್‌ಪೇಪರ್'. ಅದರ ಕೆಳಗೆ ಅದೇ ದಿನ ಒಳನುಗ್ಗಿದ ಮೂರು ಅಪರಿಚಿತ ಹೆಸರುಗಳು.

"ಆವತ್ತ ನಾ ಸಾವಳಗ್ಯಾಗ ನಮ್ಮವ್ವನ ಮನ್ಯಾಗ ಇದ್ನಿ," ಎಂದಳು ವೈಶಾಲಿ. "ನಾಯಿ ಯಾರಿಗೆ ಬೇಕಾಗಿತ್ರಿ?"

ನಿಜವಾದ ನಾಯಿಯನ್ನು ಅವಳು ಹೊಸ್ತಿಲು ದಾಟಿಸುವುದಿಲ್ಲ, ಪರದೆಯ ಮೇಲಾದರೂ ಇರಲಿ ಎಂದು ನಾನೇ ಇಳಿಸಿಕೊಂಡಿದ್ದೆ. ಕಂಪ್ಯೂಟರು ಕೇಳಿದ್ದಕ್ಕೆಲ್ಲ ಓದದೇ 'ಮುಂದೆ, ಮುಂದೆ' ಎಂದು ಒತ್ತಿದ್ದೂ ನೆನಪಾಯಿತು. ನಾಯಿಯ ಜೊತೆ ಉಣ್ಣಿಗಳೂ ಬಂದಿದ್ದವು.

ನಾಯಿಯನ್ನೂ ಉಣ್ಣಿಗಳನ್ನೂ ಕಿತ್ತೊಗೆದೆ. ಬ್ರೌಸರಿಗೆ ಅಂಟಿದ್ದ ಬಾಲಂಗೋಚಿಗಳನ್ನೂ ಅಳಿಸಿದೆ. ಗಾಲಿ ಮಾಯವಾಯಿತು. "ನೋಡಿದ್ಯಾ?" ಎಂದು ಎದೆ ಉಬ್ಬಿಸಿದೆ.

"ತಂದವರ ಒಯ್ದು ಒಗದ್ರ ಅದೇನು ದೊಡ್ಡಸ್ತಿಕಿ?" ಎಂದು ಒಳಗೆ ಹೋದಳು.

ಮಂಗಳವಾರ ಗಿರಿಮಲ್ಲಪ್ಪ ನಮೂನೆಯ ಸೀರೆಯೊಂದಿಗೆ ಬಂದ. ಚಹಾ ಮುಗಿಸಿ ಸೆರಗು ಹಾಸಿದ. ನವಿಲಿನ ಕಾಲಿತ್ತು, ಗರಿಯಿತ್ತು. ತಲೆಯಿರಬೇಕಾದ ಜಾಗದಲ್ಲಿ ಎಂಟು ಬಣ್ಣದ ಗಾಲಿ ಝಗಝಗಿಸುತ್ತಿತ್ತು.

"ಮೂಲ್ಯಾಗಿನ ಕತ್ತರಿ ಗುರ್ತೂ ಬಿಟ್ಟಿಲ್ರಿ ಅಕ್ಕಾರ," ಎಂದ. "ಅಕ್ಷರ ಅಷ್ಟ ತಗದೇನಿ, ಸೀರಿ ಮ್ಯಾಲೆ ಛಲೋ ಕಾಣಂಗಿಲ್ಲ."

ವೈಶಾಲಿ ನನ್ನತ್ತ ತಿರುಗಿದಳು. ಕಣ್ಣು ತುಂಬಿದ್ದವು. ತಪ್ಪಾಯಿತು ಎನ್ನಲು ಬಾಯಿ ತೆರೆದೆ.

"ಮುಧೋಳದ ಸಾವ್ಕಾರ ಖುಷ್ ಆಗ್ಯಾನ್ರಿ," ಗಿರಿಮಲ್ಲಪ್ಪ ಮುಂದುವರಿಸಿದ. "ಇಂಥಾ ಗಾಲಿ ಎಲ್ಲೂ ನೋಡಿಲ್ಲ ಅಂದಾ. ಇದನ್ನ ಬರದವ್ರು ಯಾರ್ರಿ?"

ಬಾಯಿ ಹೇಗೂ ತೆರೆದಿತ್ತು. ಅದರಿಂದ "ನಾನ" ಎಂಬ ಮಾತು ಹೊರಬಿತ್ತು.

ಗಿರಿಮಲ್ಲಪ್ಪ ಕೈ ಮುಗಿದ. "ಹಂಗಾರ ನನ್ನ ಮುಂದ ಇನ್ನೊಂದು ಬರೀರಿ ಸಾಹೇಬ್ರ, ಕಣ್ತುಂಬ ನೋಡ್ತೇನಿ."

ವೈಶಾಲಿ ಕಣ್ಣೊರೆಸಿಕೊಂಡಳು. ಕುರ್ಚಿ ಎಳೆದು ಕೊಟ್ಟು, "ಕೂಡ್ರಿ," ಎಂದು ಬಹಳ ಮೃದುವಾಗಿ ಹೇಳಿದಳು.

ಕುಳಿತೆ. ಪರದೆ ತೊಳೆದಿಟ್ಟ ತಾಟಿನಂತೆ ಸ್ವಚ್ಛವಾಗಿತ್ತು. ಜನ್ಮದಲ್ಲಿ ಮೊದಲ ಸಲ ಒಂದು ಜಾಹೀರಾತಿಗಾಗಿ ಮನೆದೇವರನ್ನು ಬೇಡಿಕೊಂಡೆ. ಸಿಕ್ಕ ಸಿಕ್ಕ ಸೈಟಿಗೆಲ್ಲ ಹೋದೆ. ಮೊಣಕಾಲಿನ ಮುಲಾಮು ಸಹ ಬರಲಿಲ್ಲ. ಗಿರಿಮಲ್ಲಪ್ಪ ಎರಡನೆಯ ಚಹಾ ಮುಗಿಸಿದ.

"ಗಾಲಿ ಯಾವಾಗ ಬರತೈತ್ರಿ?"

"ಅದು ತನಗ ತಾನ ಬರ್ತಿತ್ರಿ ಅಣ್ಣಾರ," ಎಂದಳು ವೈಶಾಲಿ. "ಐತವಾರ ಇವ್ರ ಓಡಿಸ್ಯಾರ." ಆಮೇಲೆ ನಡೆದದ್ದನ್ನೆಲ್ಲ, ನಾಯಿಯ ಸಮೇತ, ಬಿಡಿಸಿ ಹೇಳಿ ತನ್ನ ಮೂಲ ನವಿಲನ್ನು ತೆರೆದು ತೋರಿಸಿದಳು.

ಗಿರಿಮಲ್ಲಪ್ಪ ಆ ನವಿಲನ್ನು ಬಹಳ ಹೊತ್ತು ನೋಡಿದ. "ಅಕ್ಕಾರ, ಇದು ತಲಿ ಸಮೇತ ಮಗ್ಗಕ್ಕ ಹೋಗ್ಲಿ. ಸಾವ್ಕಾರಗ ಬೇಕಾದ ಗಾಲೀನೂ ನೀವ ಬರೀರಿ," ಎಂದ. ಆಮೇಲೆ ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ ಕೇಳಿದ, "ಸಾಹೇಬ್ರಿಗೆ ಚಹಾ ಮಾಡಾಕರ ಬರತೈತನ್ರಿ?"

ಮೂರನೆಯ ಚಹಾ ನಾನೇ ಮಾಡಿದೆ.