ವೆಂಡೆಲ್ ಮೇಷ್ಟ್ರ ಖಾಲಿ ಒರೆ

ಎಲ್ಲಕ್ಕೂ ಮೂಲ ಕ್ಯಾಂಟೀನಿನ ಬರೀಟೊ, ಅಂದರೆ ಬೀನ್ಸ್ ತುಂಬಿ ಸುತ್ತಿದ ರೊಟ್ಟಿ. ಭೂವಿಜ್ಞಾನದ ವೆಂಡೆಲ್ ಮೇಷ್ಟ್ರು ಬೆಳಿಗ್ಗೆ ಅದನ್ನು ಗಡದ್ದಾಗಿ ಬಾರಿಸಿದ್ದರು. ಸರಿಯಾಗಿ ಸಭೆಯ ಹೊತ್ತಿಗೆ ಹೊಟ್ಟೆಯಲ್ಲಿ ಡೊಳ್ಳು ಕುಣಿತ ಶುರುವಾಯಿತು.

ಅದು ಅಂತಿಂಥ ಸಭೆಯಲ್ಲ. ಅಮೆರಿಕದ ಮೊಂಟಾನಾ ರಾಜ್ಯದ ಆ ಖಾಸಗಿ ಕಾಲೇಜಿನಲ್ಲಿ ವೆಂಡೆಲ್ ವರ್ಷಗಳಿಂದ ಸೊಂಟದ ಚರ್ಮದ ಒರೆಯಲ್ಲಿ ರಿವಾಲ್ವರನ್ನು ಎಲ್ಲರಿಗೂ ಕಾಣುವಂತೆ ಸಿಕ್ಕಿಸಿಕೊಂಡೇ ಪಾಠ ಮಾಡುತ್ತಿದ್ದರು. ಇದು ನಿಲ್ಲಬೇಕೆಂದು ಇತಿಹಾಸದ ಮಾರ್ಜರಿ ಮೇಡಂ ಪಟ್ಟು ಹಿಡಿದಿದ್ದರು. ತೀರ್ಮಾನ ಇವತ್ತು. ಅವರ ಹಾಗೇ ಬಂದೂಕು ತರುವವರು ಇನ್ನೂ ಕೆಲವರಿದ್ದರು; ಆ ಬಂದೂಕಿನವರ ಪರ ಮಾತಾಡಬೇಕಾದವರು ವೆಂಡೆಲ್ಲೇ.

"ನಮಗೆ ಬಂದೂಕು ಅಂದ್ರೆ ಮೈಮೇಲಿನ ಅಂಗ ಇದ್ದ ಹಾಗೆ. ಮೂಗು ಮರೆತು ಬಂದೋರನ್ನ ಯಾರಾದ್ರೂ ನೋಡಿದೀರಾ?" ಎಂದು ಭಾಷಣ ಉರು ಹೊಡೆಯುತ್ತಲೇ ಅವರು ಶೌಚಾಲಯಕ್ಕೆ ಓಡಿದರು. ಪ್ಯಾಂಟಿನ ಜೊತೆ ಕೆಳಗೆ ಬೀಳದಿರಲೆಂದು ರಿವಾಲ್ವರನ್ನು ಗೋಡೆಯ ಟಾಯ್ಲೆಟ್ ಕಾಗದದ ಡಬ್ಬಿಯ ಮೇಲಿಟ್ಟರು. ಕೆಲಸ ಮುಗಿಸಿ, ಕೈ ತೊಳೆದು, ಸಿಳ್ಳೆ ಹಾಕುತ್ತಾ ಹೊರಬಂದರು.

ಮೆಟ್ಟಿಲು ಹತ್ತುವಾಗ ಸೊಂಟ ಹಗುರವೆನಿಸಿತು. ಮುಟ್ಟಿ ನೋಡಿಕೊಂಡರೆ ಒರೆ ಖಾಲಿ! ಎದ್ದೆನೋ ಬಿದ್ದೆನೋ ಎಂದು ವಾಪಸ್ ಓಡಿದರು. ಡಬ್ಬಿ ಇತ್ತು, ಕಾಗದ ಇತ್ತು, ರಿವಾಲ್ವರ್ ಇರಲಿಲ್ಲ.

ಸಭಾಂಗಣದ ಬಾಗಿಲಲ್ಲೇ ಮಾರ್ಜರಿ ಮೇಡಂ ಎದುರಾದರು.

"ಒರೆ ಖಾಲಿ! ಅಂತೂ ಬುದ್ಧಿ ಬಂತಲ್ಲ ವೆಂಡೆಲ್ ನಿಮಗೆ!" ಎಂದು ಅಪ್ಪಿಕೊಂಡೇಬಿಟ್ಟರು. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು.

ವೆಂಡೆಲ್ಲರ ಮೈಯೆಲ್ಲ ಉರಿಯಿತು. "ಬುದ್ಧಿಗಿದ್ಧಿ ಏನೂ ಬಂದಿಲ್ಲ ಕಣ್ರೀ! ನನ್ನ ಒರೆ, ನನ್ನಿಷ್ಟ. ಬೇಕಾದ್ರೆ ಬಾಳೆಹಣ್ಣು ಇಟ್ಕೋತೀನಿ, ಕೇಳೋಕೆ ನೀವ್ಯಾರು?"

ಒಳಗೆ ಪ್ರಾಂಶುಪಾಲ ಹಾಲ್ವರ್ಸನ್ ಟವೆಲಿನಲ್ಲಿ ಸುತ್ತಿದ ಗಂಟೊಂದನ್ನು ಮೇಜಿನ ಮೇಲಿಟ್ಟರು.

"ಈಗಷ್ಟೇ ಟಾಯ್ಲೆಟ್ಟಲ್ಲಿ ಸಿಕ್ಕಿದ ಬಂದೂಕು ಇದು. ಯಾರದ್ದು? ಯಾರೂ ಒಪ್ಕೊಳ್ಳಲಿಲ್ಲ ಅಂದ್ರೆ ಇವತ್ತಿಂದ ಯಾರೂ ಕಾಲೇಜಿಗೆ ಬಂದೂಕು ತರೋ ಹಾಗಿಲ್ಲ."

ವೆಂಡೆಲ್ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಬಾಯಿ ಬಿಟ್ಟರೆ ಮಾನ ಹೋಗುತ್ತದೆ, ಬಿಡದಿದ್ದರೆ ಎಲ್ಲರ ಹಕ್ಕೂ ಹೋಗುತ್ತದೆ. ಪಕ್ಕದಲ್ಲಿದ್ದ ಗೆಳೆಯ, ವ್ಯಾಯಾಮದ ಮೇಷ್ಟ್ರು ಕ್ಲಿಫ್, "ಸುಮ್ನೆ ಕೂತ್ಕೊಳೋ" ಎಂದು ಕೋಟು ಜಗ್ಗಿದ. ವೆಂಡೆಲ್ ಕೊಡವಿಕೊಂಡು ಎದ್ದರು.

"ನನ್ನದು! ಮರೆತೆ. ಏನೀಗ? ಮರೆತ ತಪ್ಪಿಗೆ ನನ್ನನ್ನ ಹಿಡೀರಿ, ಹಕ್ಕಿನ ತಂಟೆಗೆ ಬರಬೇಡಿ!"

ಪ್ರಾಂಶುಪಾಲರು ಟವೆಲು ಬಿಚ್ಚಿದರು. ಒಳಗಿದ್ದದ್ದು ಮುತ್ತಿನ ಹಿಡಿಯ ಪುಟ್ಟ ಪಿಸ್ತೂಲು.

"ಇದು ಹೆಂಗಸರ ಟಾಯ್ಲೆಟ್ಟಲ್ಲಿ ಸಿಕ್ಕಿದ್ದು, ವೆಂಡೆಲ್."

ಸಭೆ ಗೊಳ್ಳೆಂದು ನಕ್ಕಿತು. ವೆಂಡೆಲ್ಲರ ಕಿವಿ ಕೆಂಪಾಯಿತು. ಈಗ ತನ್ನದಲ್ಲವೆಂದರೆ ಮತ್ತೆ ಅದೇ ನಿಷೇಧ. ಎದೆ ಸೆಟೆಸಿ ನಿಂತರು.

"ಹೌದ್ರೀ, ಅಲ್ಲಿಗೇ ಹೋಗಿದ್ದೆ! ಅವಸರ ಆದೋನು ಬೋರ್ಡು ಓದ್ತಾ ನಿಂತ್ಕೋಬೇಕಾ?"

ಕ್ಲಿಫನಿಗೆ ತಡೆಯಲಾಗಲಿಲ್ಲ. "ಲೋ, ಅದು ನಿಂದಲ್ವೋ! ನಿಂದು ಇಲ್ಲಿದೆ. ಗಂಡಸರ ಟಾಯ್ಲೆಟ್ಟಲ್ಲಿ ಸಿಕ್ತು, ನಿನ್ನ ಮಾನ ಉಳಿಸೋಣ ಅಂತ ಬಚ್ಚಿಟ್ಟಿದ್ದೆ ಮಾರಾಯ!" ಎನ್ನುತ್ತಾ ಕೋಟಿನೊಳಗಿಂದ ರಿವಾಲ್ವರ್ ತೆಗೆದು ಮೇಜಿನ ಮೇಲಿಟ್ಟ.

"ಹಾಗಾದ್ರೆ ಈ ಪುಟ್ಟದು ಯಾರದ್ದು?" ಎಂದರು ಪ್ರಾಂಶುಪಾಲರು.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ವೆಂಡೆಲ್ ಹಲ್ಲು ಕಚ್ಚಿದರು. "ಎರಡೂ ನನ್ನವೇ! ಎರಡು ಕಡೆ ಹೋದೆ, ಎರಡು ಕಡೆ ಮರೆತೆ. ಬರ್ಕೊಳ್ಳಿ!"

ತೀರ್ಪು ಬೇಗನೆ ಬಂತು. ಬಂದೂಕು ತರುವವರು ತರಲಿ, ವೆಂಡೆಲ್ ಒಬ್ಬರನ್ನು ಬಿಟ್ಟು. ಅವರ ಎರಡನ್ನೂ ಸಂಜೆ ವಾಪಸ್ ಕೊಡತಕ್ಕದ್ದು, ಮತ್ತೆ ಕಾಲೇಜಿನೊಳಗೆ ತರಕೂಡದು. ಹಕ್ಕು ಉಳಿಯಿತೆಂದು ಬಂದೂಕಿನವರು ಕ್ಲಿಫನ ಬೆನ್ನು ತಟ್ಟುತ್ತಾ ಹೊರಟರು. ವೆಂಡೆಲ್ಲರತ್ತ ಯಾರೂ ತಿರುಗಿ ನೋಡಲಿಲ್ಲ.

ಕಾರಿಡಾರಿನಲ್ಲಿ ಮಾರ್ಜರಿ ಮೇಡಂ ಅತ್ತಿತ್ತ ನೋಡಿ ಹತ್ತಿರ ಬಂದರು. "ಆ ಮುತ್ತಿನ ಹಿಡಿಯದ್ದು ನಮ್ಮಜ್ಜಿ ಕೊಟ್ಟಿದ್ದು. ಸಂಜೆ ಕೈಗೆ ಬಂದ ತಕ್ಷಣ ನನ್ನ ಕಾರಿನ ಹತ್ರ ತನ್ನಿ, ಜೋಪಾನ."

ವೆಂಡೆಲ್ ಒಂದು ಹೆಜ್ಜೆ ಹಿಂದೆ ಸರಿದರು. "ಅಂದ್ರೆ... ನೀವು? ಈಗಲೇ ಹೋಗಿ ಎಲ್ಲರ ಮುಂದೆ ಹೇಳ್ತೀನಿ!"

"ಅಗತ್ಯವಾಗಿ ಹೇಳಿ," ಎಂದರು ಮೇಡಂ ನಗುತ್ತಾ. "ಹೆಂಗಸರ ಟಾಯ್ಲೆಟ್ಟಿಗೆ ಹೋಗಿದ್ದೆ ಅಂತ ಎದೆ ತಟ್ಕೊಂಡು ಹೇಳಿದೋರ ಮಾತು ಯಾರು ನಂಬ್ತಾರೆ, ಅದನ್ನೂ ನೋಡೇಬಿಡೋಣ."