ನನ್ನ ಸ್ಟೀಲ್ ಗಿಟಾರೂ ಹೆಂಡತಿಯ ಕೋರಿಕೆಯೂ

ಸಂಗೀತಗಾರರಲ್ಲಿ ಎರಡು ಬಗೆಯವರಿದ್ದಾರೆ. ತಮಗೆ ತೋಚಿದ್ದನ್ನು ನುಡಿಸುವವರು ಒಂದು ಬಗೆ, ಜನ ಕೇಳಿದ್ದನ್ನು ನುಡಿಸುವವರು ಇನ್ನೊಂದು ಬಗೆ. ನಾನು ಈ ಎರಡಕ್ಕೂ ಸೇರಿದವನಲ್ಲ. ಜನ ಕೇಳಿದ್ದನ್ನೇ ನುಡಿಸಬೇಕೆಂದು ಪ್ರಾಮಾಣಿಕವಾಗಿ ಹೊರಡುತ್ತೇನೆ. ನಡುದಾರಿಯಲ್ಲಿ ಅದು ಬೇರೆ ಏನೋ ಆಗಿಬಿಡುತ್ತದೆ. ಆಗ ತಾವು ಕೇಳಿದ್ದು ಇದನ್ನೇ ಎಂದು ಕೇಳಿದವರು ನಂಬುವ ತನಕ ಕಣ್ಣು ಮುಚ್ಚಿ ತಲೆದೂಗುತ್ತೇನೆ. ಈ ತಲೆದೂಗುವುದರಲ್ಲಿ ಮಾತ್ರ ನನ್ನನ್ನು ಮೀರಿಸುವವರು ಮೈಸೂರಿನಲ್ಲಿಲ್ಲ. ವೀಣೆಗೆ ಹೆಸರಾದ ಊರಿನಲ್ಲಿ ಸ್ಟೀಲ್ ಗಿಟಾರ್ ಹಿಡಿದು ಬದುಕಬೇಕಾದರೆ ಇಂಥ ಒಂದೆರಡು ವಿದ್ಯೆಗಳು ಬೇಕೇ ಬೇಕು.

ಗಿಟಾರು ನನಗೆ ಸಿಕ್ಕಿದ್ದು ನನ್ನ ಉದ್ಯೋಗದ ದೆಸೆಯಿಂದ. ನಾನು ಮನೆಮನೆಗೆ ಹೋಗಿ ವಿದ್ಯುತ್ ಮೀಟರು ಓದಿ ಬರೆದುಕೊಂಡು ಬರುವವನು. ಒಂದು ಸಲ ಹೀಗೆ ಒಂದು ಲಾಡ್ಜಿಗೆ ಹೋದಾಗ, ಊರಿಗೆ ಬಂದಿದ್ದ ಸರ್ಕಸ್ಸಿನ ಬ್ಯಾಂಡಿನವನೊಬ್ಬ ಗಿಟಾರನ್ನು ತೊಡೆಯ ಮೇಲೆ ಅಡ್ಡಡ್ಡ ಮಲಗಿಸಿಕೊಂಡು, ಎಡಗೈಯಲ್ಲಿ ಒಂದು ಉಕ್ಕಿನ ತುಂಡು ಹಿಡಿದು ತಂತಿಯ ಮೇಲೆ ಜಾರಿಸುತ್ತಾ ಕುಳಿತಿದ್ದ. ಆ ನಾದ ಕೇಳಿ ನಾನು ಮೀಟರು ಓದುವುದನ್ನು ಮರೆತೆ. ಸರ್ಕಸ್ಸು ಊರಲ್ಲಿದ್ದ ಮೂರು ವಾರವೂ ಅವನ ಬೆನ್ನು ಬಿಡಲಿಲ್ಲ. ಹೊರಡುವ ದಿನ ಅವನು ವಾದ್ಯವನ್ನು ನನಗೇ ಕೊಟ್ಟು ಹೋದ. ಅದರ ಮೇಲೆ ಅವನಿಗೆ ಬೇಸರ ಬಂದಿತ್ತೋ, ನನ್ನ ಮೇಲೆ ಬಂದಿತ್ತೋ, ಈಗಲೂ ತಿಳಿಯದು.

ನನ್ನ ಹೆಂಡತಿ ಆರೋಗ್ಯಮ್ಮ ಅಂದು ಒಲೆಯ ಮುಂದಿನಿಂದ ಎದ್ದು ಬಂದು ಆ ವಾದ್ಯವನ್ನೂ ನನ್ನನ್ನೂ ಒಮ್ಮೆ ನೋಡಿ, "ಇದನ್ನ ಎಲ್ಲಿಡೋದು?" ಎಂದಳು. ಅಷ್ಟೇ. ಆ ಮೇಲೆ ನಾಲ್ಕು ವರ್ಷ ಅವಳು ನನ್ನ ಸಂಗೀತದ ವಿಷಯ ಒಳ್ಳೆಯದನ್ನೂ ಆಡಲಿಲ್ಲ, ಕೆಟ್ಟದ್ದನ್ನೂ ಆಡಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಊರವರೆಲ್ಲ ನನ್ನನ್ನು ಅದು ನುಡಿಸಿ, ಇದು ನುಡಿಸಿ ಎಂದು ಕೇಳುತ್ತಿರುವಾಗ ಕಟ್ಟಿಕೊಂಡವಳು ಒಂದೇ ಒಂದು ದಿನ, "ಏನ್ರೀ, ಅದೊಂದನ್ನ ನುಡಿಸಿ" ಎನ್ನಬಾರದೇ? ನನಗೆ ಬಿರುದು ಬೇಡ, ಶಾಲು ಬೇಡ. ಈ ಒಂದು ಮಾತು ಬೇಕಾಗಿತ್ತು. ಅದಕ್ಕಾಗಿ ನಾನು ಎಷ್ಟು ಹಂಬಲಿಸಿದೆನೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಊರವರ ಕೋರಿಕೆಗಳೇನೂ ಕಡಿಮೆ ಇರಲಿಲ್ಲ. ಮಾರುಕಟ್ಟೆಯ ಬಳಿ ಕಾಫಿ ಹೋಟೆಲು ಇಟ್ಟಿದ್ದ ರಾಮಣ್ಣ ಶನಿವಾರದ ಸಂಜೆಗಳಲ್ಲಿ ನನ್ನನ್ನು ಒಂದು ಮೂಲೆಯಲ್ಲಿ ಕೂರಿಸಿ, ಒಂದು ದೋಸೆ ಒಂದು ಕಾಫಿಗೆ ನುಡಿಸಲು ಬಿಡುತ್ತಿದ್ದ. ಮೊದಲ ದಿನ ಬಂದವರಲ್ಲಿ ಅರ್ಧ ಜನಕ್ಕೆ ನಾನು ಮಾಡುತ್ತಿರುವುದು ಏನೆಂದೇ ಗೊತ್ತಾಗಲಿಲ್ಲ. "ಇದೇನ್ರೀ, ಇಸ್ತ್ರಿ ಮಾಡ್ತಾ ಇದೀರಾ?" ಎಂದು ಒಬ್ಬರು ಕೇಳಿದರು. ಇನ್ನೊಬ್ಬರು ವಾದ್ಯದ ಸುತ್ತ ಬಗ್ಗಿ ನೋಡಿ, "ಎಲ್ಲಾ ಸರಿ, ಕುಂಬಳಕಾಯಿ ಎಲ್ಲಿ?" ಎಂದರು. ವೀಣೆಗೆ ಬುರುಡೆ ಇರುವುದನ್ನು ಕಂಡ ಊರಿನವರು ಬುರುಡೆಯಿಲ್ಲದ್ದನ್ನು ವಾದ್ಯವೆಂದು ಸುಲಭವಾಗಿ ಒಪ್ಪುವವರಲ್ಲ. ಪಿಂಚಣಿ ಪಡೆದ ಶಿರಸ್ತೇದಾರರೊಬ್ಬರು ತಪ್ಪದೆ ಬಂದು ಎದುರು ಮೇಜಿನಲ್ಲಿ ಕುಳಿತು ಹಾಡು ಕೇಳುತ್ತಿದ್ದರು. ಹಾಡಿನ ಹೆಸರು ಅವರಿಗೆ ಗೊತ್ತಿರುತ್ತಿರಲಿಲ್ಲ. "ಅದೇ ಕಣ್ರೀ, ನಾಟಕದಲ್ಲಿ ರಾಣಿ ಕಂಬ ತಬ್ಕೊಂಡು ಅಳ್ತಾಳಲ್ಲ, ಅದು." ರಾಣಿಯರೆಲ್ಲ ಕಂಬ ತಬ್ಬಿಕೊಂಡೇ ಅಳುವುದರಿಂದ ಯಾವ ರಾಣಿ ಎಂದು ನನಗೆ ತಿಳಿಯುತ್ತಿರಲಿಲ್ಲ. ತಂತಿಯ ಮೇಲೆ ಉಕ್ಕನ್ನು ನಿಧಾನವಾಗಿ ಜಾರಿಸಿದರೆ ಅಳುವಿನಂತೆ ಕೇಳುತ್ತದೆ. ಹಾಗೆ ಜಾರಿಸುತ್ತಿದ್ದೆ. ಶಿರಸ್ತೇದಾರರು ಶಲ್ಯದಿಂದ ಕಣ್ಣು ಒರೆಸಿಕೊಂಡು, "ಅದೇ, ಅದೇ" ಎನ್ನುತ್ತಿದ್ದರು.

ಎಲ್ಲಕ್ಕಿಂತ ಹೆಚ್ಚು ಬೇಡಿಕೆಯಿದ್ದದ್ದು ಹಾಡಿಗಲ್ಲ, ರೈಲಿಗೆ. ಒಂದು ದಿನ ಯಾರದೋ ಮಾತಿಗೆ ಕಟ್ಟುಬಿದ್ದು ನಂಜನಗೂಡಿನ ರೈಲು ಶಿಳ್ಳೆ ಹಾಕುವುದನ್ನು ತಂತಿಯಲ್ಲಿ ತೋರಿಸಿದೆ. ಆಮೇಲೆ ನನ್ನ ಪಾಡು ಯಾರಿಗೂ ಬೇಡ. ಕಷ್ಟಪಟ್ಟು ಕಲಿತ ಒಂದು ಇಂಗ್ಲಿಷ್ ನಡೆಯನ್ನು ನುಡಿಸಿ ಮುಗಿಸುವಷ್ಟರಲ್ಲಿ, "ಚೆನ್ನಾಗಿತ್ತು ಸ್ವಾಮಿ, ಈಗ ರೈಲು ಬಿಡಿ" ಎನ್ನುವರು. ನಮ್ಮ ವಠಾರದಲ್ಲೂ ಮಕ್ಕಳು ನನ್ನನ್ನು ರೈಲು ಮಾಮ ಎಂದು ಕರೆಯತೊಡಗಿದವು. ಆರೋಗ್ಯಮ್ಮನಾದರೂ ರೈಲನ್ನು ಕೇಳಿದ್ದರೆ ಬಿಡುತ್ತಿದ್ದೆ. ಅವಳು ಅದನ್ನೂ ಕೇಳಲಿಲ್ಲ.

ವಠಾರ ಎಂದೆನಲ್ಲ, ಅದನ್ನು ಸ್ವಲ್ಪ ಹೇಳಬೇಕು. ಅದು ಲಷ್ಕರ್ ಮೊಹಲ್ಲಾದಲ್ಲಿ, ಇಗರ್ಜಿಯ ಗಂಟೆ ಕೇಳುವಷ್ಟು ದೂರದಲ್ಲಿದೆ. ಅಲ್ಲಿ ನಮ್ಮ ಪಕ್ಕದ ಮನೆಯಲ್ಲಿ ವೀಣೆಯ ತಮ್ಮಯ್ಯನವರು ಇದ್ದರು. ಅವರು ವಿದ್ವಾಂಸರು, ಮಧ್ಯಾಹ್ನವೆಲ್ಲ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಿದ್ದರು. ನಮ್ಮಿಬ್ಬರ ನಡುವೆ ಇದ್ದದ್ದು ಒಂದು ಮಣ್ಣಿನ ಗೋಡೆ ಮಾತ್ರ. ನಾನು ಕೆಲಸ ಮುಗಿಸಿ ಮನೆಗೆ ಬಂದು ಜಗುಲಿಯ ಮೇಲೆ ಬೂಟು ಬಿಚ್ಚುವ ಹೊತ್ತಿಗೆ ಸರಿಯಾಗಿ ಗೋಡೆಯಾಚೆಯಿಂದ ಒಂದು ನಡೆ ಕೇಳಿಬರುತ್ತಿತ್ತು. ದಿನಾ ಅದೇ ನಡೆ. ಚಿಕ್ಕದು, ಸವಿಯಾದದ್ದು, ಕೇಳಿದರೆ ದಿನದ ದಣಿವೆಲ್ಲ ಇಳಿದುಹೋಗುವಂಥದ್ದು. ತಮ್ಮಯ್ಯನವರಿಗೆ ಅತ್ಯಂತ ಪ್ರಿಯವಾದ ಹಾಡು ಇದೇ ಇರಬೇಕು, ಇಲ್ಲದಿದ್ದರೆ ದಿನಾ ಏಕೆ ನುಡಿಸಿಯಾರು ಎಂದುಕೊಂಡು, ಗುಟ್ಟಾಗಿ ಅದನ್ನು ಗಿಟಾರಿನಲ್ಲಿ ಕೂಡಿಸಿಕೊಂಡೆ. ಅವರನ್ನು ಕೇಳಲು ಧೈರ್ಯವಿರಲಿಲ್ಲ. ನನ್ನ ವಾದ್ಯವನ್ನು ಅವರು "ಆ ಪೆಟ್ಟಿಗೆ" ಎನ್ನುತ್ತಿದ್ದರು.

ಆ ನಡೆಯನ್ನು ಸಭೆಯಲ್ಲಿ ನುಡಿಸುವ ಕಾಲ ಗುರುಬಸಪ್ಪನವರ ಮಗಳ ಮದುವೆಯಲ್ಲಿ ಬಂತು. ಗುರುಬಸಪ್ಪನವರು ಸಂತೇಪೇಟೆಯ ದಿನಸಿ ವರ್ತಕರು, ಮಠಕ್ಕೆ ನಡೆದುಕೊಳ್ಳುವ ಗಟ್ಟಿ ಕುಳ, ಊರಿಗೆಲ್ಲ ಬೇಕಾದವರು. ಅವರ ಮನೆಯ ಮೀಟರು ಓದಲು ಹೋದಾಗಲೇ ಸಂಜೆಯ ಆರತಕ್ಷತೆಗೆ ಬಂದು ನುಡಿಸಬೇಕೆಂದು ಹೇಳಿದ್ದರು. ಬೀಗರು ಬೆಂಗಳೂರು ಕಡೆಯವರು, ಅವರಿಗೆ ಏನಾದರೂ ಹೊಸದು ತೋರಿಸಬೇಕಿತ್ತು. ನಾನು ಆರೋಗ್ಯಮ್ಮನನ್ನೂ ಕರೆದುಕೊಂಡು ಹೋದೆ. ಇನ್ನೂರು ಜನ ಮೆಚ್ಚುವುದನ್ನು ಕಣ್ಣಾರೆ ಕಂಡರೆ ಇವಳ ಬಾಯಿಂದ ಆ ಒಂದು ಮಾತು ಬಂದೀತೆಂಬುದು ನನ್ನ ಲೆಕ್ಕಾಚಾರ.

ಚಪ್ಪರದಲ್ಲಿ ವಿದ್ಯುದ್ದೀಪಗಳು ಝಗಝಗಿಸುತ್ತಿದ್ದವು. ಮುಂದಿನ ಸಾಲಿನಲ್ಲಿ ಬೀಗರು, ಅವರ ಪಕ್ಕದಲ್ಲಿ ತಮ್ಮಯ್ಯನವರು, ಹಿಂದೆ ಹೋಟೆಲಿನ ರಾಮಣ್ಣ, ಹೆಂಗಸರ ಕಡೆ ಆರೋಗ್ಯಮ್ಮ. ಎರಡು ಇಂಗ್ಲಿಷ್ ನಡೆ ನುಡಿಸಿದೆ. ರೈಲು ಬಿಟ್ಟೆ. ಹಿತ್ತಲಿನಿಂದ ಹೋಳಿಗೆಯ ವಾಸನೆ ಬರುತ್ತಿತ್ತು, ಎಲೆ ಹಾಕಲು ಇನ್ನೂ ಅರ್ಧ ಗಂಟೆಯಿತ್ತು. ಆಗ ಗುರುಬಸಪ್ಪನವರು ಬಗ್ಗಿ, "ಚೌರಪ್ಪನೋರೆ, ಇಂಗ್ಲೀಷು ಸಾಕು. ನಮ್ ಕಡೇದು ಒಂದಾದ್ರೂ ಬುಡಿ ಮತ್ತೆ" ಎಂದರು. ಇಂಥ ಕೋರಿಕೆಗೇ ನಾನು ಕಾದಿದ್ದೆ. ಕಣ್ಣು ಮುಚ್ಚಿ, ತಲೆದೂಗಿ, ಗೋಡೆಯಾಚೆಯಿಂದ ಕಲಿತ ಆ ನಡೆಯನ್ನು ನುಡಿಸಿದೆ. ಅದುವರೆಗೆ ಅಷ್ಟು ಚೆನ್ನಾಗಿ ನಾನು ಏನನ್ನೂ ನುಡಿಸಿರಲಿಲ್ಲ, ಈಗಲೂ ಹಾಗೇ ಹೇಳುತ್ತೇನೆ.

ಕಣ್ಣು ಬಿಟ್ಟಾಗ ಸಭೆಯಿಡೀ ಎದ್ದು ನಿಂತಿತ್ತು. ಮೆಚ್ಚಿ ಎದ್ದರೆಂದು ತಿಳಿದು ನಾನು ಕೈಮುಗಿದೆ. ಅವರೂ ಕೈಮುಗಿದು ಅಂಗವಸ್ತ್ರ ಕೊಡವಿಕೊಂಡು ಬಾಗಿಲ ಕಡೆ ತಿರುಗಿದರು. ನಾನು ನುಡಿಸಿದ್ದು ಮಂಗಳ. ಕಚೇರಿಯ ಕೊನೆಯಲ್ಲಿ ಅದನ್ನು ನುಡಿಸಿದರೆ ಮುಗಿಯಿತು, ಮೇಲೆ ಇನ್ನೇನೂ ಇಲ್ಲ, ಎಲ್ಲರೂ ಎದ್ದು ಮನೆಗೆ ಹೋಗುವುದು. ಪಾಠದ ಕೊನೆಗೆ ದಿನಾ ನುಡಿಯುತ್ತಿದ್ದ ಅದನ್ನು ಮಾತ್ರ, ಕೆಲಸದಿಂದ ತಡವಾಗಿ ಬರುತ್ತಿದ್ದ ನಾನು ಕೇಳಿದ್ದೆ. ಇಷ್ಟೇ ಆಗಿದ್ದರೂ ಏನೋ ಒಂದು ಹೇಳಬಹುದಿತ್ತು. ಆದರೆ ಮಂಗಳ ಕೇಳಿದೊಡನೆ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದ ಗುರುಬಸಪ್ಪನವರ ಹಿರಿಯ ಅಳಿಯಂದಿರು ತಾಂಬೂಲ ಹಂಚತೊಡಗಿದ್ದರು. ಎಲೆ ಅಡಿಕೆ ತೆಂಗಿನಕಾಯಿ ಕೈಗೆ ಬಂದಮೇಲೆ ಮನೆಯವರು ಬೀಳ್ಕೊಟ್ಟಂತೆ. ಮತ್ತೆ ಒಳಗೆ ಹೋಗಿ ಊಟಕ್ಕೆ ಕೂರಲು ಮಾನವಂತರು ಯಾರೂ ಒಪ್ಪುವುದಿಲ್ಲ. ಬೀಗರ ಹಿರಿಯರು ತೆಂಗಿನಕಾಯಿ ಹಿಡಿದು, "ಊಟ ಇಲ್ಲ ಅಂತ ಕಾಣುತ್ತೆ" ಎಂದು ಮೆಲ್ಲಗೆ ಅಂದದ್ದು ಎಲ್ಲರಿಗೂ ಕೇಳಿಸಿತು. ಗುರುಬಸಪ್ಪನವರ ಮುಖ ನೋಡಲಾರದೆ ನಾನು ಗಿಟಾರನ್ನು ನೋಡಿದೆ.

ಆಗ ತಮ್ಮಯ್ಯನವರು ಕೋಲೂರಿ ಎದ್ದು ನಿಂತರು. "ಎಲ್ಲಾರೂ ಕೂತ್ಕೊಳ್ಳಿ" ಎಂದರು. ಅವರ ಮಾತಿಗೆ ಬೆಲೆಯಿತ್ತು, ಹೊರಟಿದ್ದ ಜನ ಅಲ್ಲೇ ತಡೆದು ನಿಂತರು. "ಇವರು ನುಡಿಸಿದ್ದು ಮಂಗಳದ ಥರ ಇತ್ತು, ನಿಜ. ಆದ್ರೆ ಆ ಪೆಟ್ಟಿಗೆಗೆ ಬುರುಡೆ ಇಲ್ಲ, ವೀಣೆ ಥರ ತಂತಿ ಕೆಳಗಿನ ಮೆಟ್ಟಿಲ ಮೇಲೆ ಬೆರಳು ಊರೋದಿಲ್ಲ, ಎಲ್ಲಾ ಬರೀ ಜಾರೋದೇ. ಅದರಲ್ಲಿ ನುಡಿಸಿದ ಮಂಗಳ ಲೆಕ್ಕಕ್ಕೆ ಬರೋದಿಲ್ಲ. ಮಂಗಳವೇ ಲೆಕ್ಕಕ್ಕಿಲ್ಲ ಅಂದ್ಮೇಲೆ ತಾಂಬೂಲವೂ ಲೆಕ್ಕಕ್ಕಿಲ್ಲ. ಕಾಯಿ ತಟ್ಟೆಗೆ ವಾಪಸು ಹಾಕಿ, ನಡೀರಿ ಊಟಕ್ಕೆ."

ಇನ್ನೂರು ತೆಂಗಿನಕಾಯಿಗಳು ತಟ್ಟೆಗೆ ಹಿಂತಿರುಗಿ ಬಿದ್ದ ಸದ್ದು ನಾನು ಸಾಯುವವರೆಗೂ ಮರೆಯಲಾರೆ. ಊಟ ನಡೆಯಿತು, ಗುರುಬಸಪ್ಪನವರ ಮರ್ಯಾದೆ ಉಳಿಯಿತು, ಬೀಗರು ಎರಡೆರಡು ಸಲ ಹೋಳಿಗೆ ಹಾಕಿಸಿಕೊಂಡರು. ಲೆಕ್ಕಕ್ಕೆ ಬಾರದವನು ನಾನೊಬ್ಬನೇ.

ಜಟಕಾದಲ್ಲಿ ಮನೆಗೆ ಬರುವಾಗ ಆರೋಗ್ಯಮ್ಮ, "ಅದು ಮಂಗಳ ಅಂತ ನಂಗೆ ಗೊತ್ತಿತ್ತು" ಎಂದಳು.

"ಗೊತ್ತಿತ್ತಾ? ಹೇಳಬಾರದಿತ್ತೇ?"

"ದಿನಾ ಮಧ್ಯಾಹ್ನ ಪೂರಾ ಪಾಠ ಕೇಳೋಳು ನಾನು. ಅದಾದ ತಕ್ಷಣ ಹುಡುಗೀರು ಚಾಪೆ ಸುತ್ತಿಟ್ಟು ಹೋಗ್ತಾರೆ. ನೀವದನ್ನ ಮದುವೇಲಿ ನುಡಿಸ್ತೀರಿ ಅಂತ ನಂಗೇನು ಕನಸೇ? ನಾಲ್ಕು ವರ್ಷದಲ್ಲಿ, ಏನು ನುಡಿಸಲಿ ಅಂತ ಒಂದ್ಸಲಾನಾದ್ರೂ ನನ್ನ ಕೇಳಿದೀರಾ?"

ಅವಳು ನನ್ನನ್ನು ಕೇಳಲಿಲ್ಲವೆಂದು ನಾಲ್ಕು ವರ್ಷ ಕೊರಗಿದ ನನಗೆ, ನಾನು ಅವಳನ್ನು ಕೇಳಿಲ್ಲವೆಂಬುದು ಹೊಳೆದೇ ಇರಲಿಲ್ಲ. ನಿಜವಾಗಿ ನೊಂದುಕೊಂಡೆ. ಮರುದಿನವೇ ಕೇಳಿಬಿಡಬೇಕೆಂದುಕೊಂಡೆ. ಮರುದಿನ ನಾಚಿಕೆಯಾಯಿತು, ಅದರ ಮರುದಿನವೂ ಆಯಿತು.

ಇತ್ತ ರಾಮಣ್ಣನಿಗೆ ಮಾತ್ರ ಮದುವೆಯಲ್ಲಿ ಕಂಡದ್ದು ಬೇರೆಯೇ ಸಂಗತಿ. ಒಂದು ಕಾಫಿಗೆ ಎರಡು ಗಂಟೆ ಕುರ್ಚಿ ಬಿಡದ ಗಿರಾಕಿಗಳಿಂದ ಅವನು ಬೇಸತ್ತಿದ್ದ. ಮುಂದಿನ ಶನಿವಾರ ಹೋಟೆಲು ತುಂಬಿ, ಹೊರಗೆ ಜನ ಕಾಯುತ್ತಿದ್ದಾಗ ಮೆಲ್ಲಗೆ ಬಂದು, "ಚೌರಪ್ಪನೋರೆ, ಆವತ್ತು ಎಲ್ಲಾರ್ನೂ ಎಬ್ಬಿಸಿದ್ರಲ್ಲ, ಅದು ಸ್ವಲ್ಪ" ಎಂದ. ನುಡಿಸಿದೆ. ಲೆಕ್ಕಕ್ಕೆ ಬರುವುದಿಲ್ಲವೆಂದು ವಿದ್ವಾಂಸರು ತೀರ್ಪು ಕೊಟ್ಟಿದ್ದರೂ ಜನರ ಕಾಲಿಗೆ ಅದು ತಿಳಿದಿರಲಿಲ್ಲ. ಶಿರಸ್ತೇದಾರರು ಅರ್ಧ ಬಜ್ಜಿ ಬಾಯಲ್ಲಿ, ಅರ್ಧ ಕೈಯಲ್ಲಿ ಹಿಡಿದುಕೊಂಡು ಎದ್ದೇಬಿಟ್ಟರು. ಅಂದಿನಿಂದ ಶನಿವಾರಕ್ಕೆ ಮೂರು ಸಲ ಮಂಗಳ. ಸುದ್ದಿ ಊರೆಲ್ಲ ಹಬ್ಬಿ, ಯಾರಾದರೂ ಹೆಚ್ಚು ಹೊತ್ತು ಕುಳಿತರೆ "ಚೌರಪ್ಪನ್ನ ಕರೆಸ್ಬೇಕಾ?" ಎನ್ನುವುದು ವಾಡಿಕೆಯಾಯಿತು. ಬೇರೆ ವಾದಕರನ್ನು ಜನರನ್ನು ಸೇರಿಸಲು ಕರೆದರೆ, ನನ್ನನ್ನು ಚದುರಿಸಲು ಕರೆದರು. ನಾನೇನೂ ಬೇಸರಪಡಲಿಲ್ಲ, ರೈಲಿಗಿಂತ ಇದು ಮೇಲು.

ಇನ್ನು ಕಡೆಯ ಮಾತು. ಆರೋಗ್ಯಮ್ಮನಿಗೆ ಜಪಮಾಲೆ ಚಿಕ್ಕಮ್ಮ ಎಂಬ ಚಿಕ್ಕಮ್ಮ ಇದ್ದಾರೆ. ಭಾನುವಾರ ಪೂಜೆ ಮುಗಿಸಿ ಇಗರ್ಜಿಯಿಂದ ನೇರವಾಗಿ ನಮ್ಮ ಮನೆಗೆ ಬಂದು, ಉಂಡು, ಸಂಜೆಯವರೆಗೂ ಇಡೀ ಬಂಧುಬಳಗದ ತಪ್ಪುಗಳನ್ನು ಒಂದೊಂದಾಗಿ ಹೇಳಿ ಹೋಗುವವರು. ಕಳೆದ ಭಾನುವಾರ ಸರತಿ ನನ್ನದಾಗಿತ್ತು. "ಗಂಡಸಾದೋನು ಸೌದೆ ಒಡೆಯೋದು ಬುಟ್ಟು ಅದ್ಯಾವ್ದೋ ಅಲಗೆ ತೊಡೆ ಮ್ಯಾಲೆ ಇಟ್ಕೊಂಡು ಉಜ್ತಾ ಕೂತವ್ನಲ್ಲಮ್ಮಿ" ಎಂದು ಶುರುವಾದದ್ದು ನಾಲ್ಕು ಗಂಟೆಯಾದರೂ ಮುಗಿದಿರಲಿಲ್ಲ. ನಾನು ತಲೆ ತಗ್ಗಿಸಿ ಕುಳಿತಿದ್ದೆ. ಆರೋಗ್ಯಮ್ಮ ಮೂಲೆಗೆ ಹೋಗಿ ಗಿಟಾರನ್ನು ತಂದು, ಸೆರಗಿನಿಂದ ದೂಳು ಒರೆಸಿ, ನನ್ನ ತೊಡೆಯ ಮೇಲೆ ಇಟ್ಟಳು.

"ಏನ್ರೀ," ಎಂದಳು, "ಅದೊಂದನ್ನ ನುಡಿಸಿ."

ಯಾವುದೆಂದು ಕೇಳಬೇಕಾಗಿರಲಿಲ್ಲ. ನಾಲ್ಕು ವರ್ಷ ಕಾದ ಮಾತು ಕಡೆಗೂ ಬಂದಿತ್ತು. ಅದು ಯಾವ ಹಾಡಿಗಾಗಿ ಬಂತೆಂದು ಯೋಚಿಸುತ್ತ ಕೂರುವ ಮೂರ್ಖ ನಾನಲ್ಲ. ಮಂಗಳ ನುಡಿಸಿದೆ. ಅರ್ಧ ಆಗುವಷ್ಟರಲ್ಲಿ ಚಿಕ್ಕಮ್ಮ, "ಓ, ಇಂಗೋ ಸಮಾಚಾರ? ಅಂಗಾರೆ ನಾ ಬತ್ತೀನಿ ಕಣಮ್ಮಿ" ಎಂದು ನಗುತ್ತಲೇ ಜಪಸರ ಹುಡುಕಿಕೊಂಡು ಎದ್ದರು. ಆರೋಗ್ಯಮ್ಮ ಅವರನ್ನು ಬಾಗಿಲವರೆಗೆ ಬಿಟ್ಟು ಬಂದು, ಒಳಗೆ ಬರುತ್ತ ಅದೇ ನಡೆಯನ್ನು ಗುನುಗುತ್ತಿದ್ದಳು. ನಾನು ಜಾರುವ ಕಡೆಯಲ್ಲಿ ಅವಳು ಜಾರಲಿಲ್ಲ.

ನನಗೆ ಧೈರ್ಯ ಬಂತು. ಇಷ್ಟು ದಿನ ನಾಚಿ ಬಿಟ್ಟದ್ದನ್ನು ಈಗಲಾದರೂ ಕೇಳಿಬಿಡೋಣವೆಂದು ಉಕ್ಕಿನ ತುಂಡನ್ನು ಒರೆಸಿಕೊಂಡು, ಸರಿಯಾಗಿ ಕುಳಿತು, "ಆರೋಗ್ಯ, ಈಗ ಹೇಳು. ನಿನಗೆ ಏನು ನುಡಿಸಲಿ?" ಎಂದೆ.

ಅವಳು ಚಿಕ್ಕಮ್ಮ ಕುಳಿತಿದ್ದ ಚಾಪೆಯನ್ನು ಸುತ್ತಿ ಗೋಡೆಗೆ ಒರಗಿಸಿದಳು. ನಾನು ಕುಳಿತಿದ್ದ ಚಾಪೆಯ ಅಂಚನ್ನೂ ಹಿಡಿದಳು.

"ಮಂಗಳ ಆದ್ಮೇಲೆ ಇನ್ನೇನು ನುಡಿಸ್ತಾರೆ? ನಾಳೆ ಕೇಳಿ, ಹೇಳ್ತೀನಿ. ಈಗ ಏಳಿ, ಸೌದೆ ಒಡೀಬೇಕು."

ಇಡೀ ಮೈಸೂರನ್ನು ಎಬ್ಬಿಸಿದವನು ನಾನು. ಎದ್ದೆ.