ಒಂದು ಹಂಪ್ಸಿಗಾಗಿ ಹಂಚಿದ ಕರಪತ್ರ

ಚುನಾವಣೆ ಘೋಷಣೆಯಾದರೆ ಸಾಕು, ಸಾಲಿ ಮಾಸ್ತರನಾದ ನನ್ನ ಕೊರಳಿಗೆ ಒಂದು ಗುರುತಿನ ಚೀಟಿ ಬೀಳುತ್ತದೆ. ಅಲ್ಲಿಂದ ಶುರು, ಒಂದರ ಹಿಂದೊಂದು ಫಜೀತಿ. ನೀತಿಸಂಹಿತೆ ತಂಡ ಅಂದರೆ ನಾನು, ಒಬ್ಬ ಪೊಲೀಸಪ್ಪ, ಒಬ್ಬ ವಿಡಿಯೋ ತೆಗೆಯುವವ, ಒಂದು ಬಾಡಿಗೆ ಜೀಪು. ಕರಪತ್ರ ಎಲ್ಲಿ ಹಂಚಬಾರದು ಅಂತ ಹೇಳುತ್ತ ತಿರುಗುವುದು ನಮ್ಮ ಕೆಲಸ. ದೊಡ್ಡ ಪಕ್ಷದವರು ಜೀಪಿನ ಸಪ್ಪಳ ಕೇಳಿಯೇ ಮಾಯವಾಗುತ್ತಾರೆ. ಕೈಗೆ ಸಿಗುವವರು ಬಡಪಾಯಿಗಳು. ಹೋದ ಸಲ ರೋಣದ ಕಡೆ ಡ್ಯೂಟಿ ಬಿದ್ದಾಗ ನಮಗೆ ಮತ್ತೆ ಮತ್ತೆ ಸಿಕ್ಕವರು ಒಬ್ಬರೇ. ಪಕ್ಷೇತರರಾಗಿ ನಿಂತಿದ್ದ ವಯಸ್ಸಾದ ನೇಕಾರರು.

ಊಟ ಎಲ್ಲಿ?

ಮೊದಲು ಕಂಡದ್ದು ಗಜೇಂದ್ರಗಡದ ಬಸ್ ಸ್ಟ್ಯಾಂಡಿನಲ್ಲಿ. ಬಿಳಿ ಟೊಪ್ಪಿಗೆ, ಬಗಲಲ್ಲಿ ಕೈಚೀಲ, ಬಸ್ಸು ಕಾಯುತ್ತಿದ್ದವರಿಗೆಲ್ಲ ಒಂದೊಂದು ಕಾಗದ ಕೊಡುತ್ತಿದ್ದರು. ತೆಗೆದುಕೊಂಡವರು ಕಾಗದವನ್ನು ಕಣ್ಣಿಗೊತ್ತಿಕೊಂಡು ಕೈ ಮುಗಿಯುತ್ತಿದ್ದರು. ಇದೆಂಥ ಪ್ರಚಾರ ಅಂತ ಒಂದನ್ನು ಇಸಗೊಂಡು ನೋಡಿದೆ. ಅಭ್ಯರ್ಥಿಯ ಫೋಟೋ ಇರಬೇಕಾದಲ್ಲಿ ಕುಂಕುಮ ಹಚ್ಚಿದ ಹೆಣ್ಣುಮಗಳ ಫೋಟೋ ಇತ್ತು.

"ಇವರು ಯಾರ್ರಿ?"

"ನನ್ನ ಹೆಂಡ್ತಿ. ನೀರಿನ ಕೊಡ ಹೊತಗೊಂಡು ನಮ್ಮೂರ ತಿರುವಿನ್ಯಾಗ ರಸ್ತೆ ದಾಟೂ ಮುಂದ ಗಾಡಿ ಬಡದು ಹೋದಳ್ರಿ. ಆ ತಿರುವಿನ್ಯಾಗ ಒಂದ್ ಹಂಪ್ಸ್ ಹಾಕ್ರಿ ಅಂತ ಅರ್ಜಿ ಕೊಟ್ಟ ಕೊಟ್ಟ ಸಾಕಾತು. ಎಲೆಕ್ಷನ್ಯಾಗ ಕೊಟ್ಟ ಕಾಗದನಾರ ಮಂದಿ ಒಂದ್ ಸಲ ನೋಡತಾರ ಅಂತ ನಿಂತೀನಿ."

"ನಿಮ್ಮ ಫೋಟೋ ಹಾಕಬೇಕಿತ್ತಲ್ರಿ."

"ನನ್ನ ಮಾರಿ ನೋಡಿ ಯಾರು ಓದತಾರ್ರಿ?"

ಕಾಗದವನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡೆ. ಆದರೂ ಡ್ಯೂಟಿ ಡ್ಯೂಟಿಯೇ. ಸರಕಾರಿ ಜಾಗದೊಳಗೆ ಪ್ರಚಾರ ನಡೆಯುವುದಿಲ್ಲ, ಗೇಟಿನಾಚೆ ಹೋಗ್ರಿ ಅಂದೆ. ಅಷ್ಟರಲ್ಲಿ ಒಬ್ಬ ಅಜ್ಜಿ ಕಾಗದದಲ್ಲಿದ್ದ ಮತದಾನದ ತಾರೀಕಿನ ಮೇಲೆ ಬೆರಳಿಟ್ಟು, "ಭಾಳ ಚಲೋ ಹೆಣಮಗಳು ಇದ್ದಂಗ ಕಾಣತಾಳ. ತಿಥಿ ಕಾರ್ಯ ಅವತ್ತೇನಪಾ? ಊಟ ಎಲ್ಲಿಟ್ಟೀರಿ?" ಅಂತ ಕೇಳಿದಳು.

"ಕಾರ್ಯ ಸಾಲ್ಯಾಗ ಐತಿ ಯವ್ವಾ, ಬಂದು ಹೋಗು. ಊಟ ಮಾತ್ರ ಇಲ್ಲ. ಊಟ ಹಾಕಿದ್ರ ಈ ಸಾಹೇಬ್ರು ನನ್ನ ಮ್ಯಾಲ ಕೇಸ್ ಹಾಕತಾರ."

ಸುಖಾಗಮನ

ಆ ಕರಪತ್ರದಲ್ಲಿ ಇನ್ನೊಂದು ಕೊರತೆಯಿತ್ತು. ಅಚ್ಚು ಹಾಕಿದವರ, ಹಾಕಿಸಿದವರ ಹೆಸರು ವಿಳಾಸ ಅಡಿಯಲ್ಲಿ ಇರಲೇಬೇಕು ಅಂತ ಕಾಯ್ದೆ. ಇಲ್ಲದ್ದನ್ನು ಹಂಚುವ ಹಾಗಿಲ್ಲ. ಹೇಳಿದೆ. ಪಾಪ, ತಕರಾರು ಮಾಡದೆ ಕಟ್ಟು ಹೊತ್ತುಕೊಂಡು ನರೇಗಲ್ಲಿನ ಪ್ರೆಸ್ಸಿಗೆ ಹೋದರು. ಅದು ಮದುವೆ ಕಾರ್ಡಿನ ಸಣ್ಣ ಪ್ರೆಸ್ಸು. ಬೇರೆ ಕೆಲಸ ಬರುವುದೇ ಅಪರೂಪ.

ಹೊಸ ಕರಪತ್ರ ಪರೀಕ್ಷೆ ಮಾಡಲು ನಾವೂ ಅಲ್ಲಿಗೇ ಹೋದೆವು. ಹೆಸರಿತ್ತು, ವಿಳಾಸವೂ ಇತ್ತು. ಅದರ ನೆತ್ತಿಯ ಮೇಲೆ ಬಳ್ಳಿಯ ಅಂಚಿನೊಳಗೆ "ತಮ್ಮ ಸುಖಾಗಮನವನ್ನು ಬಯಸುವವರು" ಅಂತಲೂ ಇತ್ತು. ಕೆಳಗೆ, "ಆಶೀರ್ವಾದವೇ ಉಡುಗೊರೆ."

"ಏನ್ರಿ ಇದು?" ಅಂತ ಪ್ರೆಸ್ಸಿನವನನ್ನು ಕೇಳಿದೆ.

"ಕೆಳಗ ಹೆಸರು ಬಂತಂದ್ರ ಅದರ ಮ್ಯಾಲ ಅದು ಬರಾಕಽ ಬೇಕಲ್ರಿ ಸರ್! ಹುಟ್ಟಿದಾಗಿಂದ ಹಂಗಽ ಮಾಡಕೋತ ಬಂದೀನಿ."

ಪೊಲೀಸಪ್ಪ ಕಿಸಕ್ಕನೆ ನಕ್ಕ. "ವೋಟು ಬ್ಯಾಡಂತ್ರಿ ಸರ್, ಆಶೀರ್ವಾದ ಸಾಕಂತ."

ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಅಳಿಸಿ ಬೇರೆ ಅಚ್ಚು ಹಾಕು ಅಂತ ಪ್ರೆಸ್ಸಿನವನಿಗೆ ಗದರಿದೆ. ನೇಕಾರರು ಹೆಂಡತಿಯ ಫೋಟೋದ ಕೆಳಗಿನ ಸುಖಾಗಮನದ ಸಾಲನ್ನು ಬೆರಳಿಟ್ಟು ಓದಿದರು.

"ಇರಲಿ ಬಿಡ್ರಿ ಸಾಹೇಬ್ರ. ಆಕಿ ಬರಲಿ ಅಂತ ಬಯಸಾಂವ ನಾನಽ ಅಲ್ಲೇನ್ರಿ?"

ನಮ್ಮ ಅಭ್ಯರ್ಥಿ, ಅವರ ಕ್ಷೇತ್ರ

ಒಂದು ದಿನ ನರಗುಂದದ ತಂಡದ ಗೆಳೆಯನ ಫೋನು ಬಂತು. "ನಿಮ್ಮ ಕಡೆ ಅಭ್ಯರ್ಥಿ ಒಬ್ರು ತಪ್ಪಿಸಿಗೊಂಡು ನಮ್ಮ ಸಂತ್ಯಾಗ ಬಂದಾರ. ಲಗೂ ಬಂದು ಕರಕೊಂಡ್ ಹೋಗೋ ಮಾರಾಯ."

ನಡೆದದ್ದು ಇಷ್ಟು. ನೇಕಾರರು ಬಸ್ಸು ಹತ್ತಿ ನರಗುಂದಕ್ಕೆ ಹೋಗಿ, ಕೊಣ್ಣೂರಿನ ಕಡೆಯಿಂದ ಬಂದ ಟ್ರ್ಯಾಕ್ಟರಿನವರಿಗೂ ಟಂಟಂ ಆಟೋದವರಿಗೂ ಕರಪತ್ರ ಕೊಡುತ್ತಿದ್ದರು. ಅಲ್ಲಿಯವರು ನಕ್ಕು, "ಅಜ್ಜಾರ, ನಾವು ನಿಮಗ ವೋಟ್ ಹಾಕಾಕ ಬರಂಗಿಲ್ರಿ. ನಮ್ಮ ಕ್ಷೇತ್ರನಽ ಬ್ಯಾರೆ" ಅಂದರಂತೆ. ಗೆಳೆಯನೂ ಅದನ್ನೇ ತಿಳಿಸಿ ಹೇಳಿದನಂತೆ. ಅದಕ್ಕೆ ಇವರ ಉತ್ತರ:

"ವೋಟು ನಿಮ್ಮ ಮನಸಿಗೆ ಬಂದವರಿಗೆ ಹಾಕ್ರಿ, ನನ್ನ ಅಭ್ಯಂತರ ಇಲ್ಲ. ನಮ್ಮೂರಿನ ತಿರುವಿಗೆ ಬಂದಾಗ ಗಾಡಿ ಒಂದೀಟ ಸಾವಕಾಶ ಹೊಡೀರಿ."

ಇದು ಪ್ರಚಾರವೋ ಅಲ್ಲವೋ ಅಂತ ಗೆಳೆಯ ಮೇಲಿನವರನ್ನು ಕೇಳಿದ. ಮೇಲಿನವರು ಅವರ ಮೇಲಿನವರನ್ನು ಕೇಳಿದರು. ಉತ್ತರ ಬರುವುದರೊಳಗೆ ಅಜ್ಜ ಸಂತೆ ಮುಗಿಸಿ ಬಸ್ಸು ಹತ್ತಿದ್ದರು.

ಖಾಲಿ ಕೈ

ಮತದಾನಕ್ಕೆ ಎರಡು ದಿನ ಮುಂಚೆ ಬಹಿರಂಗ ಪ್ರಚಾರ ನಿಲ್ಲಬೇಕು. ಆ ಸಂಜೆ ಜೀಪು ಅವರೂರಿನ ತಿರುವಿಗೆ ಬಂದಾಗ ಅವರು ರಸ್ತೆಯ ಅಂಚಿನಲ್ಲೇ ನಿಂತು ಕರಪತ್ರ ಕೊಡುತ್ತಿದ್ದರು. ಲಾರಿಯವರು ನಿಧಾನ ಮಾಡಿ, ಕೈ ಚಾಚಿ ಇಸಗೊಂಡು ಹೋಗುತ್ತಿದ್ದರು. ಅವರ ಬೆನ್ನ ಹಿಂದೆ ಕೊಡ ಹೊತ್ತ ಹೆಣ್ಣುಮಕ್ಕಳು ಸಾವಕಾಶ ರಸ್ತೆ ದಾಟುತ್ತಿದ್ದರು.

"ಇಲ್ಲಿಗೆ ಸಾಕ್ರಿ. ಪ್ರಚಾರ ಮುಗೀತು" ಅಂದೆ.

ಉಳಿದ ಕಟ್ಟನ್ನು ಪೊಲೀಸಪ್ಪನ ಕೈಗೆ ಕೊಟ್ಟು ಕೇಳಿದರು, "ಖಾಲಿ ಕೈಲೆ ನಿಂದರಬಹುದೇನ್ರಿ?"

ಸುಮ್ಮನೆ ನಿಲ್ಲಬಾರದು ಅಂತ ಯಾವ ಕಾಯ್ದೆಯೂ ನಮಗೆ ಗೊತ್ತಿರಲಿಲ್ಲ. "ನಿಂದರ್ರಿ" ಅಂದ ಪೊಲೀಸಪ್ಪ.

ಫಲಿತಾಂಶ ಬಂತು, ಠೇವಣಿ ಹೋಯಿತು. ಗೆದ್ದವರ ಮೆರವಣಿಗೆ ಅದೇ ತಿರುವಿನಲ್ಲಿ ಭರ್ರನೆ ಹೋಯಿತು. ಮಳೆಗಾಲ ಹಿಡಿದ ಮೇಲೆ ಒಂದು ಮುಂಜಾನೆ ನಾನು ಮೋಟರ್ ಸೈಕಲ್ಲಿನ ಮೇಲೆ ಆ ದಾರಿಯಲ್ಲಿ ಹೊರಟಿದ್ದೆ. ತಿರುವಿನಲ್ಲಿ ಮಳೆಗೆ ಅಡ್ಡವಾಗಿ ತಲೆಯ ಮೇಲೆ ಗೊಬ್ಬರದ ಖಾಲಿ ಚೀಲ ಹಾಕಿಕೊಂಡು ಅವರು ನಿಂತಿದ್ದರು. ಗಾಡಿ ನಿಧಾನ ಮಾಡಿ ನಿಲ್ಲಿಸಿದೆ.

"ಎಲೆಕ್ಷನ್ ಮುಗದು ಯಾವ ಕಾಲ ಆತಲ್ರಿ! ಇನ್ನೂ ಯಾಕ ನಿಂತೀರಿ?"

"ನೀವು ಯಾಕ ಸಾವಕಾಶ ಮಾಡಿದ್ರಿ ಮತ್ತ? ಎಲ್ಲಾರೂ ಹಿಂಗಽ ಮಾಡತಾರ್ರಿ, ಚೀಟಿ ಕೊಡತಾನೇನೋ ಅಂತ. ನೀರು ಬಿಡೂ ಹೊತ್ತಿಗೆ ಬಂದು ನಿಂದರತೀನಿ. ಹಂಪ್ಸ್ ಬರೂತನಕ ನಾನಽ ಹಂಪ್ಸ್."

ಗಾಡಿ ಬಂದ್ ಮಾಡಿ ಕೆಳಗಿಳಿದೆ. ಅವರು ಒಂದಷ್ಟು ಹೊತ್ತು ಕೆಮ್ಮಿ, ಟಾವೆಲ್ಲಿನಿಂದ ಬಾಯಿ ಒರೆಸಿಕೊಂಡು, ನನ್ನನ್ನು ಸಮಾಧಾನ ಮಾಡುವವರ ಹಾಗೆ ನಕ್ಕರು.

"ಏನಂದ್ರೂ ಡಾಂಬರಿನ ಹಂಪ್ಸಽ ಚಲೋ ನೋಡ್ರಿ ಸಾಹೇಬ್ರ. ಅದಕ್ಕ ಮಳ್ಯಾಗ ಕೆಮ್ಮು ಬರಂಗಿಲ್ಲ."